ಕಲ್ಲಿದ್ದಲಿಗೆ ಉಕ್ಕು ಬೇಕು, ಉಕ್ಕಿಗೆ ಕಲ್ಲಿದ್ದಲು

ಪಾಳಿ ಶುರುವಾಗುವ ಮೊದಲು, ಗಣಿಯಲ್ಲಿ ಭಾರ ಎಳೆಯುವ ಉಕ್ಕಿನ ಹಗ್ಗ ನೋಡುವುದು ನನ್ನ ಕೆಲಸವಾಗಿತ್ತು. ಹಗ್ಗವನ್ನು ನಿಧಾನಕ್ಕೆ ಓಡಿಸಿ, ಅದಕ್ಕೊಂದು ಬಟ್ಟೆ ಒತ್ತಿ ಹಿಡಿಯುತ್ತಿದ್ದೆವು. ಬಟ್ಟೆ ಸಿಕ್ಕಿಕೊಂಡ ಕಡೆ ತಂತಿ ಕಡಿದಿದೆ ಎಂದರ್ಥ. ಹಾಗೆ ಕಡಿದವು ಹೆಚ್ಚಾದರೆ ಹಗ್ಗ ಬದಲಿಸಲೇಬೇಕು. ಬದಲಿಸಲು ಹಗ್ಗವೇ ಇಲ್ಲದಿದ್ದರೆ? ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನಿನ ಕಲ್ಲಿದ್ದಲು ಬರ ನನಗೆ ಅರ್ಥವಾದದ್ದು ಈ ಕಡೆಯಿಂದ.

ನೆಲದಡಿಯ ಕಲ್ಲಿದ್ದಲೇನೂ ಮುಗಿದಿರಲಿಲ್ಲ. 1940ರಲ್ಲಿ ಸುಮಾರು 5.6 ಕೋಟಿ ಟನ್ ತೆಗೆದಿದ್ದ ದೇಶ, 1945ರ ನವೆಂಬರ್ ತಿಂಗಳಲ್ಲಿ ತೆಗೆದದ್ದು 5.5 ಲಕ್ಷ ಟನ್ನಿನ ಆಸುಪಾಸು. ಯುದ್ಧಕಾಲದಲ್ಲಿ ಸಿಕ್ಕಷ್ಟು ಬಾಚಿದರೇ ಹೊರತು ಗಣಿಯ ರಿಪೇರಿ ನೋಡಲಿಲ್ಲ. ಕೊರಿಯಾ, ಚೀನಾಗಳಿಂದ ಜನರನ್ನು ಬಲವಂತವಾಗಿ ತಂದು ಸುರಂಗಕ್ಕೆ ಇಳಿಸಿದ್ದರು. ಶರಣಾಗತಿಯಾದ ಮೇಲೆ ಅವರೇಕೆ ಇಳಿದಾರು? ಉತ್ತರದ ಹೊಕ್ಕೈಡೊ ದ್ವೀಪದ ಯೂಬಾರಿ ಗಣಿಯಲ್ಲಿ ಅಕ್ಟೋಬರ್‌ನಲ್ಲೇ ಕೊರಿಯನ್ ಕಾರ್ಮಿಕರು ಮುಷ್ಕರ ಹೂಡಿದರು. ಯುದ್ಧಕಾಲದ ಉತ್ಪಾದನೆಯ ಅಂಕಿ ಹೇಳುವವರು ಇವರನ್ನು ಮರೆಯಬಾರದು.

ಮುಂದಿನದು ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡದು ಎಂಬಂಥ ಸ್ಥಿತಿ. ಹಳಿ, ಹಗ್ಗ, ಪಂಪುಗಳಿಗೆ ಉಕ್ಕು ಬೇಕು. ಉಕ್ಕು ಕಾಯಿಸಲು ಕಲ್ಲಿದ್ದಲು ಬೇಕು. 1947ರ ಜನವರಿಯಲ್ಲಿ ಎಕ್ಸ್‌ಪ್ರೆಸ್ ರೈಲುಗಳನ್ನೇ ನಿಲ್ಲಿಸಬೇಕಾಯಿತು.

ಗಂಟು ಬಿಡಿಸುವ ದಾರಿ ತೋರಿಸಿದವರು ಟೋಕಿಯೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಅರಿಸಾವ ಹಿರೋಮಿ. ಹೊರಗಿನಿಂದ ಒಂದಿಷ್ಟು ಇಂಧನ ತೈಲ ತರಿಸಿ ಉಕ್ಕಿನ ಕುಲುಮೆಗೆ ಕೊಡಿ, ಆ ಉಕ್ಕನ್ನು ಬೇರೆ ಯಾರಿಗೂ ಹಂಚದೆ ಗಣಿಗೆ ಕಳಿಸಿ, ಹೆಚ್ಚಿಗೆ ಬಂದ ಕಲ್ಲಿದ್ದಲನ್ನು ಮತ್ತೆ ಉಕ್ಕಿಗೆ ಹಾಕಿ ಎಂಬುದು ಅವರ ಲೆಕ್ಕ. ತೈಲ ತರಲು, ಸೋತ ಜಪಾನಿನ ಮೇಲೆ ಹಿಡಿತವಿದ್ದ ಅಮೆರಿಕದ ಸೇನಾನಿ ಮೆಕಾರ್ಥರ್ ಆಡಳಿತದ ಒಪ್ಪಿಗೆ ಸಿಕ್ಕಿತು. 1946ರ ಡಿಸೆಂಬರ್‌ನಲ್ಲಿ ಪ್ರಧಾನಿ ಯೋಶಿದಾ ಅವರ ಸರ್ಕಾರ ಇದನ್ನೇ ನೀತಿಯಾಗಿಸಿ, ಮುಂದಿನ ವರ್ಷಕ್ಕೆ 3 ಕೋಟಿ ಟನ್ ಗುರಿ ಇಟ್ಟಿತು.

ಗಣಿಯಲ್ಲಿ ದುಡಿದ ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಅಕ್ಕಿ. ಊರೆಲ್ಲ ಅರೆಹೊಟ್ಟೆಯಲ್ಲಿದ್ದಾಗ ಗಣಿಕಾರ್ಮಿಕರ ಪಡಿತರ ಹೆಚ್ಚಿಸಿದರು. ಹಸಿದವನ ಕೈಯಲ್ಲಿ ಗುದ್ದಲಿ ಏಳುವುದಿಲ್ಲ. ತಲೆ ಸುತ್ತಿ ಒಂದು ಆಸರೆ ಕಂಬವನ್ನು ಓರೆಯಾಗಿ ನಿಲ್ಲಿಸಿದರೆ ಪಕ್ಕದವನ ಜೀವವೂ ಹೋಗುತ್ತದೆ.

ಉತ್ಪಾದನೆ ಗುರಿಯ ಹತ್ತಿರಕ್ಕೆ ಬಂತು. ಆದರೆ ದುಡ್ಡು ಒದಗಿಸಿದ ಪುನರ್‌ನಿರ್ಮಾಣ ಬ್ಯಾಂಕಿನ ಬಾಂಡುಗಳನ್ನು ಬಹುಪಾಲು ಕೊಂಡದ್ದು ನೋಟು ಅಚ್ಚು ಹಾಕುವ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಜಪಾನ್, ಅಂದರೆ ಆ ದುಡ್ಡು ಹೊಸದಾಗಿ ಅಚ್ಚಾದ ನೋಟು. ಬೆಲೆಗಳು ಗಗನಕ್ಕೇರಿದವು. 1949ರಲ್ಲಿ ಅಮೆರಿಕದ ಬ್ಯಾಂಕರ್ ಜೋಸೆಫ್ ಡಾಜ್ ಮೆಕಾರ್ಥರ್ ಆಡಳಿತದ ಸಲಹೆಗಾರರಾಗಿ ಬಂದು, ಆ ಬ್ಯಾಂಕು ಕೊಡುತ್ತಿದ್ದ ಸಾಲವನ್ನೇ ನಿಲ್ಲಿಸಿದರು.