ಪುಟ್ಟೇನಹಳ್ಳಿ ಕೆರೆ: ದಂಡೆ ಕಾದವರು, ಕಾಲುವೆ ಕಳೆದುಕೊಂಡವರು

ಬೆಂಗಳೂರಿನ ಜೆ.ಪಿ. ನಗರ 7ನೇ ಹಂತದಲ್ಲಿ ಸುಮಾರು 13 ಎಕರೆಯ ಪುಟ್ಟೇನಹಳ್ಳಿ ಕೆರೆ ಇದೆ. (ಯಲಹಂಕದ ಪುಟ್ಟೇನಹಳ್ಳಿ ಕೆರೆ ಬೇರೆ.) ಅದನ್ನು ಇಷ್ಟು ವರ್ಷ ಉಳಿಸಿಕೊಂಡು ಬಂದಿರುವುದು ಅಕ್ಕಪಕ್ಕದ ನಿವಾಸಿಗಳು ಕಟ್ಟಿದ ಒಂದು ಟ್ರಸ್ಟ್. ಆ ಕೆಲಸ ಯಾಕೆ ಇಷ್ಟು ಕಷ್ಟ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬೆಂಗಳೂರಿನೊಳಗೆ ದೊಡ್ಡ ನದಿ ಇಲ್ಲ. ಮಳೆ ನೀರನ್ನು ಹಿಡಿಯಲು ಹಿಂದಿನವರು ಕೆರೆಗಳನ್ನು ಸಾಲಾಗಿ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತಿತ್ತು. ತೂಬು ತೆಗೆದು ಗದ್ದೆಗೆ ನೀರು ಬಿಡಲು ನೀರಗಂಟಿ ಇದ್ದ. ಹೂಳು ತೆಗೆಯುವುದು, ಕಾಲುವೆ ಬಿಡಿಸುವುದು ಊರವರ ಕೆಲಸ.

1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳವೆ ನೀರು ಬಂತು. 1974ರಲ್ಲಿ ಕಾವೇರಿ ಬಂತು. ನಲ್ಲಿಯಲ್ಲಿ ನೀರು ಬರುವಾಗ ಕೆರೆಯ ಕಡೆ ನೋಡುವವರು ಯಾರು? ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಉಳಿದ ಕೆರೆಗಳಿಗೆ ಬರುವ ಕಾಲುವೆಗಳು ಒತ್ತುವರಿಯಾದವು, ಇಲ್ಲವೇ ಚರಂಡಿಯಾದವು. ಕೆರೆ ನುಂಗಿದ್ದು ಕಣ್ಣಿಗೆ ಕಾಣುತ್ತದೆ. ಕಾಲುವೆ ನುಂಗಿದ್ದು ಮನೆಗೆ ನೀರು ನುಗ್ಗಿದಾಗಲೇ ಗೊತ್ತಾಗುವುದು. ನನ್ನ ಪ್ರಕಾರ ಜಾಸ್ತಿ ನಷ್ಟವಾಗಿದ್ದು ಅಲ್ಲೇ.

ಪುಟ್ಟೇನಹಳ್ಳಿಯ ಪಾಡೂ ಅದೇ ಆಗಿತ್ತು. ಕೆರೆ ಒಣಗಿತ್ತು, ಕಸ ಸುರಿಯುವ ಜಾಗವಾಗಿತ್ತು. ನಿವಾಸಿಗಳು ಬಿಡದೆ ಪಾಲಿಕೆಯ ಬೆನ್ನು ಹತ್ತಿದರು. 2010ರಲ್ಲಿ ಟ್ರಸ್ಟ್ ನೋಂದಣಿಯಾಯಿತು. ಪಾಲಿಕೆ ಹೂಳು ತೆಗೆಸಿತು. 2011ರಲ್ಲಿ ನಿರ್ವಹಣೆಯ ಒಪ್ಪಂದವೂ ಆಯಿತು. ನಾಗರಿಕರ ಗುಂಪೊಂದು ಆಗಿನ ಬಿಬಿಎಂಪಿ ಜೊತೆ ಇಂಥ ಒಪ್ಪಂದ ಮಾಡಿಕೊಂಡಿದ್ದು ಅದೇ ಮೊದಲು. ಆಮೇಲೆ ಕೈಕೊಂಡ್ರಹಳ್ಳಿ, ಜಕ್ಕೂರು ಕೆರೆಗಳಲ್ಲೂ ನಾಗರಿಕರು ಕೈಜೋಡಿಸಿದರು.

ಗಿಡ ನೆಟ್ಟರು, ಜೊಂಡು ತೆಗೆಸಿದರು, ದೇಣಿಗೆ ಎತ್ತಿದರು. ಹಕ್ಕಿಗಳು ಮರಳಿದವು. ಆದರೆ ನೀರು? ಜಲಾನಯನ ಪ್ರದೇಶದ ತುಂಬ ಕಟ್ಟಡ ಎದ್ದಿದ್ದವು. ಮಳೆ ನೀರನ್ನು ಕೆರೆಗೆ ತಿರುಗಿಸಿದರೂ ಸಾಲಲಿಲ್ಲ. ಕೊನೆಗೆ ಪಕ್ಕದ ಅಪಾರ್ಟ್‌ಮೆಂಟ್ ಸಮುಚ್ಚಯದ ಕೊಳಚೆ ನೀರನ್ನು ಶುದ್ಧೀಕರಿಸಿ ಕೆರೆಗೆ ಬಿಡುವ ಏರ್ಪಾಡಾಯಿತು. ಕೆರೆ ಬೇಸಿಗೆಯನ್ನು ದಾಟಲು ಆ ನೀರು ಆಸರೆಯಾಯಿತು.

2020ರ ಮಾರ್ಚ್‌ನಲ್ಲಿ ಹೊಸ ತೊಡಕು. ಕೆರೆಗಳ ವಿಷಯದಲ್ಲಿ ಕಾರ್ಪೊರೇಟ್ ಸಂಸ್ಥೆಗಳ ಜೊತೆಗಿನ ಒಪ್ಪಂದಗಳಿಗೆ ಹೈಕೋರ್ಟ್ ತಡೆ ಹಾಕಿತು. ಕೆರೆ ಸಾರ್ವಜನಿಕರದ್ದು, ಖಾಸಗಿಯವರ ಕೈಗೆ ಹೋಗಬಾರದು ಅನ್ನುವ ಆ ಕಾಳಜಿ ಸರಿಯಾದದ್ದೇ. ಆದರೆ ಪಾಲಿಕೆ ನಿವಾಸಿಗಳ ಗುಂಪುಗಳ ಜೊತೆ ಒಪ್ಪಂದ ಮಾಡಲೂ ಹಿಂಜರಿಯಿತು. ಲಾಭಕ್ಕೆ ಬರುವ ಕಂಪನಿಯನ್ನೂ ದಿನಾ ಕೆರೆ ಕಾಯುವ ನೆರೆಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ, ಅಲ್ವಾ? ಇಂಥ ಗುಂಪುಗಳಿಗೆ ಕೆರೆಯಂಗಳದ ಜವಾಬ್ದಾರಿಯ ಜೊತೆಗೆ, ಅಲ್ಲಿಗೆ ನೀರು ತರುವ ರಾಜಕಾಲುವೆಯ ಬಗ್ಗೆ ಪ್ರಶ್ನಿಸುವ, ಪರಿಶೀಲಿಸುವ ಅಧಿಕಾರವನ್ನೂ ಬರವಣಿಗೆಯಲ್ಲೇ ಕೊಡಬೇಕು.