ಇಸವಿ ಇಲ್ಲದ ಹಳೇ ನಕ್ಷೆಯ ವಯಸ್ಸು ಪತ್ತೆ ಹಚ್ಚುವುದು ಹೇಗೆ?

ಓದುಗರ ಪ್ರಶ್ನೆ: ಅಬರ್ಡೀನ್‌ನಲ್ಲಿ ಓದುತ್ತಿರುವ ಮಗಳು ಅಲ್ಲಿನ ಹಳೇ ಪುಸ್ತಕದಂಗಡಿಯಿಂದ ನನಗೊಂದು ನಕ್ಷೆ ತಂದುಕೊಟ್ಟಳು. ಸ್ಕಾಟ್ಲೆಂಡಿನ ಉತ್ತರ ತುದಿಯ ಕೇತ್ನೆಸ್ ಕರಾವಳಿಯದ್ದು. ಬಟ್ಟೆಗೆ ಅಂಟಿಸಿ ಮಡಚುವಂತೆ ಮಾಡಿದ್ದಾರೆ. ಬಾರ್ತಲೊಮ್ಯೂ ಎಂಬ ಹೆಸರಿದೆ, ಮೈಲಿಗೆ ಅರ್ಧ ಇಂಚು ಅಂತಿದೆ, ಆದರೆ ಇಸವಿ ಮಾತ್ರ ಎಲ್ಲೂ ಇಲ್ಲ. ಮೇಜಿನ ಮೇಲೆ ಹರಡಿ ತೆಗೆದ ಫೋಟೋ ಕಳಿಸಿದ್ದೇನೆ. ಇದು ಯಾವ ಕಾಲದ್ದು?

ಉತ್ತರ: ಹಳೇ ನಕ್ಷೆ ಕೈಗೆ ಬಂದವರೆಲ್ಲ ಮೊದಲು ಕೇಳುವುದು ಇದನ್ನೇ. ಅದರಲ್ಲೂ ನಿಮಗೆ ಸಿಕ್ಕಿರುವುದು ಎಡಿನ್‌ಬರೋದ ಬಾರ್ತಲೊಮ್ಯೂ ಮನೆತನದ ನಕ್ಷೆ. ಬ್ರಿಟನ್ನಿನ ಸರ್ಕಾರಿ ಮೋಜಣಿ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಹಾಳೆಯಾಗಿದ್ದರೆ ಅಂಚಿನಲ್ಲಿ ಮೋಜಣಿ ಮಾಡಿದ ವರ್ಷ, ತಿದ್ದಿದ ವರ್ಷ, ಅಚ್ಚಾದ ವರ್ಷ ಮೂರನ್ನೂ ಬರೆದಿರುತ್ತಿದ್ದರು. ಬಾರ್ತಲೊಮ್ಯೂದವರು ಖಾಸಗಿ ವ್ಯಾಪಾರಿಗಳು, ಇಸವಿಯನ್ನು ದಪ್ಪಕ್ಷರದಲ್ಲಿ ಹಾಕುವ ಅಭ್ಯಾಸ ಅವರಿಗಿರಲಿಲ್ಲ. ಅಂಗಡಿಯಲ್ಲಿ ನಾಲ್ಕು ವರ್ಷ ಕೂತ ಸರಕು ಹಳತೆಂದು ಗಿರಾಕಿಗೆ ಗೊತ್ತಾಗಬಾರದಲ್ಲ, ಅದಕ್ಕೇ ಇರಬೇಕು ಎಂದು ನನ್ನ ಗುಮಾನಿ.

‘ಯಾವ ಕಾಲದ್ದು’ ಎಂದು ಕೇಳಿದಿರಿ. ಒಂದೇ ಕಾಲದ್ದಲ್ಲ. ನಮ್ಮ ಕಡೆಯ ಹಳೇ ಮನೆ ನೆನಪಿಸಿಕೊಳ್ಳಿ: ಅಡಿಪಾಯ ಮುತ್ತಜ್ಜನದು, ಹೆಂಚು ಅಪ್ಪನ ಕಾಲದ್ದು, ಸುಣ್ಣ ಹೋದ ದೀಪಾವಳಿಯದ್ದು. ನಿಮ್ಮ ನಕ್ಷೆಯೂ ಹಾಗೇ. ಬಾರ್ತಲೊಮ್ಯೂದವರು ಗುಡ್ಡ ಹತ್ತಿ ಮೋಜಣಿ ಮಾಡಿದವರಲ್ಲ. ಆರ್ಡ್‌ನೆನ್ಸ್ ಸರ್ವೆಯವರು 1870ರ ದಶಕದ ಆರಂಭದಲ್ಲಿ ಕೇತ್ನೆಸ್ ಅಳೆದಿದ್ದರು. ಅದನ್ನು ಕುಗ್ಗಿಸಿ, ಎತ್ತರಕ್ಕೆ ತಕ್ಕಂತೆ ಬಣ್ಣ ಕೊಟ್ಟು, ಆಮೇಲೆ ರಸ್ತೆ, ರೈಲು, ಹೆಸರುಗಳನ್ನು ಆಗಾಗ ತಿದ್ದುತ್ತ ಹೋದರು. ರಸ್ತೆಗಳ ತಿದ್ದುಪಡಿಗೆ ಬಹಳ ಕಾಲ ನೆರವಾದವರು ಸೈಕಲ್ ಪ್ರವಾಸಿಗಳ ಸಂಘದವರು. ಹಾಗಾಗಿ ನಿಮ್ಮ ಹಾಳೆಯ ಕಡಲತೀರದ ಗೆರೆಯ ವಯಸ್ಸೇ ಬೇರೆ, ಅದರ ಪಕ್ಕದಲ್ಲೇ ಓಡುವ ರಸ್ತೆಯ ವಯಸ್ಸೇ ಬೇರೆ.

ಬಣ್ಣಗಳ ಬಗ್ಗೆ ಎರಡು ಮಾತು. ತಗ್ಗು ನೆಲ ಹಸಿರು, ಏರಿದಂತೆಲ್ಲ ಕಂದು. ಇದನ್ನು ಬಾರ್ತಲೊಮ್ಯೂ ಮನೆತನ 1878ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿತು, ಮುಂದೆ ಅದೇ ಅವರ ಗುರುತಾಯಿತು. ಕೇತ್ನೆಸ್ ಬಹುಪಾಲು ಚಪ್ಪಟೆ ನಾಡು, ಅದಕ್ಕೇ ನಿಮ್ಮ ಹಾಳೆ ಹಸಿರೋ ಹಸಿರು. ದಕ್ಷಿಣದ ಮೂಲೆಯಲ್ಲಿ ಕಂದು ಕಲೆಯಂತೆ ಕಾಣುವುದು ಮೋರ್ವೆನ್, ಆ ಸೀಮೆಯ ಅತಿ ಎತ್ತರದ ಬೆಟ್ಟ. ಈಗಿನ ಲೆಕ್ಕದಲ್ಲಿ 706 ಮೀಟರ್. ನಿಮ್ಮ ನಕ್ಷೆಯಲ್ಲಿ ಎತ್ತರ ಅಡಿಯಲ್ಲಿರುತ್ತದೆ, ಸಮುದ್ರದ ಆಳ ಮಾರಿನ ಲೆಕ್ಕದಲ್ಲಿ. ಒಂದು ಮಾರು ಎಂದರೆ ಆರಡಿ, ನಮ್ಮ ಮೀನುಗಾರರು ಕೈಚಾಚಿ ಹಗ್ಗ ಅಳೆಯುವ ಅದೇ ಮಾರು. ನೋಡಲು ಚೆಂದ, ಆದರೆ ವಯಸ್ಸು ಹೇಳಲು ಇವು ಸಾಲವು.

ವಯಸ್ಸು ಹೇಳುವುದು ಮನುಷ್ಯರು ಕಟ್ಟಿದ್ದು, ಕಿತ್ತಿದ್ದು, ಹೆಸರು ಬದಲಿಸಿದ್ದು. ನಿಮ್ಮ ಫೋಟೋವನ್ನು ದೊಡ್ಡದು ಮಾಡಿಕೊಂಡು ನಾನು ಹುಡುಕಿದ್ದು ಅವನ್ನೇ.

ಮೊದಲು ಈಶಾನ್ಯ ಮೂಲೆ, ಜಾನ್ ಓ ಗ್ರೋಟ್ಸ್ ಪಕ್ಕದ ಡಂಕನ್ಸ್‌ಬಿ ಹೆಡ್. ಅಲ್ಲಿ ದೀಪಸ್ತಂಭದ ಗುರುತಿದೆ. ಆ ಸ್ತಂಭ ಕಟ್ಟಿದ್ದು 1924ರಲ್ಲಿ. ಅದಕ್ಕೆ ಮುಂಚಿನ ನಕ್ಷೆಯಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಪಶ್ಚಿಮಕ್ಕಿರುವ ಡನೆಟ್ ಹೆಡ್ ದೀಪಸ್ತಂಭ 1831ರದ್ದು, ಆದ್ದರಿಂದ ಅದು ನಮಗೆ ಉಪಯೋಗವಿಲ್ಲದ ಸಾಕ್ಷಿ. ವಿಕ್ ಮತ್ತು ಥರ್ಸೋ ಊರುಗಳಿಗೆ ಬರುವ ರೈಲುಹಾದಿಯೂ 1874ರಷ್ಟು ಹಳೆಯದು, ಅದನ್ನೂ ಬಿಡಿ.

ಆಮೇಲೆ ವಿಕ್‌ನಿಂದ ದಕ್ಷಿಣಕ್ಕೆ ಕಡಲಂಚಿನಲ್ಲೇ ಇಳಿಯುವ ಸಣ್ಣ ರೈಲುಗೆರೆ. ಥ್ರಮ್‌ಸ್ಟರ್, ಅಲ್ಬ್‌ಸ್ಟರ್ ದಾಟಿ ಲಿಬ್‌ಸ್ಟರ್ ಎಂಬ ಮೀನುಗಾರರ ಊರಿನಲ್ಲಿ ನಿಲ್ಲುತ್ತದೆ. 1903ರಲ್ಲಿ ಶುರುವಾಗಿ 1944ರಲ್ಲಿ ಮುಚ್ಚಿಹೋದ ಹಾದಿ ಅದು. ನಿಮ್ಮ ನಕ್ಷೆಯಲ್ಲಿ ಅದು ಓಡುತ್ತಿರುವ ರೈಲಿನಂತೆಯೇ ಕಪ್ಪಗಿದೆ.

ಮೂರನೆಯದು ನನಗೆ ಬಹಳ ಇಷ್ಟವಾದ ಸುಳಿವು. ಉತ್ತರ ತೀರದಲ್ಲಿ ಮೇ ಎಂಬ ಹಳ್ಳಿಯ ಬಳಿ ‘ಬಾರೋಗಿಲ್ ಕ್ಯಾಸಲ್’ ಅಂತಿದೆ ನೋಡಿ. ಇವತ್ತಿನ ನಕ್ಷೆಯಲ್ಲಿ ಆ ಹೆಸರು ಹುಡುಕಿದರೆ ಸಿಗದು. 1952ರಲ್ಲಿ ಗಂಡನನ್ನು ಕಳೆದುಕೊಂಡ ರಾಣಿ, ಅಂದರೆ ಎರಡನೇ ಎಲಿಜಬೆತ್ತಳ ತಾಯಿ, ಅದೇ ವರ್ಷ ಆ ಪಾಳುಬೀಳುತ್ತಿದ್ದ ಕೋಟೆಮನೆಯನ್ನು ಕೊಂಡರು. ಕೊಂಡವರು ಅದರ ಮೂಲ ಹೆಸರನ್ನೇ ವಾಪಸು ತಂದರು: ಕ್ಯಾಸಲ್ ಆಫ್ ಮೇ.

ಹಾಗಾದರೆ 1924ಕ್ಕೂ 1944ಕ್ಕೂ ನಡುವಿನದು, ಲೆಕ್ಕ ಮುಗಿಯಿತು ಅನ್ನಿಸುತ್ತದೆ. ಅನೇಕರು ಎಡವುವುದು ಇಲ್ಲೇ. ಹೊಸದಾಗಿ ಸೇರಿದ್ದನ್ನು ನಂಬಬಹುದು, ಹಳೆಯದು ಉಳಿದುಕೊಂಡಿದೆ ಎಂಬುದನ್ನು ನಂಬಬಾರದು. ಕಟ್ಟದ ದೀಪಸ್ತಂಭವನ್ನು ಯಾರೂ ಬರೆಯುವುದಿಲ್ಲ. ಆದರೆ ಮುಚ್ಚಿದ ರೈಲನ್ನು ಅಳಿಸಲು ಮರೆಯುವುದು ಸುಲಭ. ಅಚ್ಚಿನ ಫಲಕ ತಿದ್ದಲು ದುಡ್ಡೂ ಬೇಕು, ಯಾರಾದರೂ ಬಂದು ಹೇಳಲೂಬೇಕು. ಹೀಗಾಗಿ 1924 ನಿಮ್ಮ ನಕ್ಷೆಯ ಗಟ್ಟಿ ಗಡಿ. 1944 ಬರೀ ಸಡಿಲ ಗಡಿ, ಐದಾರು ವರ್ಷ ಆಚೆಗೂ ಜಾರಬಹುದು.

ಏನೋ ಕಾಣುತ್ತಿಲ್ಲ ಎಂಬ ವಾದವೂ ಅಷ್ಟೇ ಸಡಿಲ. ಥರ್ಸೋದ ಪಶ್ಚಿಮಕ್ಕೆ ಡೌನ್‌ರೇ ಅಣುಸ್ಥಾವರದ ಕೆಲಸ 1955ರಲ್ಲಿ ಶುರುವಾಯಿತು. ನಿಮ್ಮ ನಕ್ಷೆಯಲ್ಲಿ ಅಲ್ಲಿ ಬರೀ ಹೊಲ. ಹಾಗೆಂದು ಅದು 1955ಕ್ಕಿಂತ ಮುಂಚಿನದೇ ಎಂದು ಅಷ್ಟರಿಂದಲೇ ಹೇಳಲಾಗದು. ಅರ್ಧ ಇಂಚಿನಲ್ಲಿ ಒಂದು ಮೈಲಿ ತುರುಕುವಾಗ ಎಷ್ಟೋ ಬಿಟ್ಟುಹೋಗುತ್ತದೆ. ವಿಮಾನ ನೆಲೆಗಳಂಥವನ್ನು ಭದ್ರತೆಯ ಕಾರಣಕ್ಕೆ ಮಾರಾಟದ ನಕ್ಷೆಗಳಿಂದ ಬೇಕೆಂದೇ ಕೈಬಿಡುತ್ತಿದ್ದ ಕಾಲವೂ ಅದು.

ಊರ ಹೆಸರುಗಳಿಂದ ಏನಾದರೂ ತಿಳಿಯುತ್ತದೆಯೇ? ನಕ್ಷೆಯ ವಯಸ್ಸಂತೂ ಇಲ್ಲ. ಅವು ಈ ಹಾಳೆಯ ಅತಿ ಹಳೆಯ ಪದರ. ವಿಕ್ ಎಂದರೆ ಹಿಂದೆ ಸ್ಕ್ಯಾಂಡಿನೇವಿಯಾದಿಂದ ಹಡಗಿನಲ್ಲಿ ಬಂದ ನಾರ್ಸ್ ಜನರ ಮಾತಿನಲ್ಲಿ ಕೊಲ್ಲಿ. ಲಿಬ್‌ಸ್ಟರ್, ಸ್ಕ್ರ್ಯಾಬ್‌ಸ್ಟರ್‌ಗಳ ಬಾಲದಲ್ಲಿರುವುದು ಅವರ ‘ಹೊಲಮನೆ’. ತೀರದುದ್ದಕ್ಕೂ ‘ಗಿಯೊ’ ಎಂದು ಮುಗಿಯುವ ಹೆಸರುಗಳೆಲ್ಲ ಬಂಡೆಯನ್ನು ಸೀಳಿ ಒಳನುಗ್ಗಿದ ಕಡಲಿನ ಕಿರಿದಾದ ಸಂದುಗಳು.

ಸ್ಟ್ರೋಮಾ ದ್ವೀಪವನ್ನು ಮಾತ್ರ ಒಂದು ನಿಮಿಷ ನಿಂತು ನೋಡಿ. ಜಾನ್ ಓ ಗ್ರೋಟ್ಸ್ ಎದುರಿಗಿನ ಸಮುದ್ರದಲ್ಲಿ, ಚಿಟಿಕೆಯಷ್ಟು ಹಸಿರು. ಅಲ್ಲಿ ಮನೆಗಳಿವೆ, ದಾರಿಯಿದೆ. 1962ರಲ್ಲಿ ಕೊನೆಯ ದ್ವೀಪವಾಸಿಗಳೂ ಹೊರಟುಹೋದರು. ಆದರೆ ಇಂದಿನ ನಕ್ಷೆಯಲ್ಲೂ ಮನೆಗಳಿವೆ, ದಾರಿಯಿದೆ. ಕಟ್ಟಡ ನಿಂತಿರುವವರೆಗೆ ನಕ್ಷೆಗೆ ಅದು ಮನೆಯೇ. ಒಳಗೆ ಒಲೆ ಉರಿಯುತ್ತಿದೆಯೋ ಇಲ್ಲವೋ ಅದು ಕೇಳುವುದಿಲ್ಲ.

ಇನ್ನು ಭೂಮಿಯನ್ನು ಬಿಟ್ಟು ಅಂಚಿಗೆ ಬನ್ನಿ. ಕಂಪನಿಯ ಹೆಸರು ‘ಅಂಡ್ ಕೋ’ ಎಂದು ಮುಗಿದರೆ 1919ಕ್ಕೆ ಮುಂಚೆ, ‘ಅಂಡ್ ಸನ್ ಲಿಮಿಟೆಡ್’ ಎಂದಿದ್ದರೆ ಅದರಿಂದೀಚೆಗೆ. ನಿಮ್ಮದು ಎರಡನೆಯದು, ದೀಪಸ್ತಂಭದ ಸಾಕ್ಷಿಗೆ ತಾಳೆಯಾಗುತ್ತದೆ. ಬೆಲೆ ಷಿಲಿಂಗ್‌ನಲ್ಲಿದ್ದರೆ 1971ರ ಫೆಬ್ರುವರಿಗಿಂತ ಹಿಂದಿನದು. ನಾವು 1957ರಲ್ಲೇ ಆಣೆ ಬಿಟ್ಟು ನಯಾಪೈಸೆಗೆ ಬಂದೆವು, ಅವರು ಇನ್ನೂ ಹದಿನಾಲ್ಕು ವರ್ಷ ಎಳೆದರು.

ಎಡಿನ್‌ಬರೋದ ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ತನ್ನಲ್ಲಿರುವ ಹಳೇ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿದೆ. ಅದೇ ಜಾಗದ ಹಳೆಯದನ್ನೂ ಇಂದಿನದನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಮಗಳಿಗೆ ಹೇಳಿ, ಒಂದು ಭಾನುವಾರ ಸಲೀಸಾಗಿ ಕಳೆಯುತ್ತದೆ.

ನೀವು ಕೇಳಿಲ್ಲ, ಆದರೂ ಒಂದು ಮಾತು. ಸ್ಕಾಟ್ಲೆಂಡಿನ ಕಡಲಂಚಿಗೂ ನಮಗೂ ನಕ್ಷೆಯ ನಂಟು ಹಳೆಯದು. ನಿಮ್ಮ ಹಾಳೆಯ ಪಶ್ಚಿಮಕ್ಕೆ ಬಲು ದೂರ, ಲೂಯಿಸ್ ದ್ವೀಪದ ಸ್ಟೋರ್ನೋವೇ ಊರಿನವನು ಕಾಲಿನ್ ಮೆಕೆಂಜಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದವನು, ಊರೂರಿನ ಚರಿತ್ರೆ ಹೇಳುವ ಕೈಫಿಯತ್ತುಗಳನ್ನು ಸಂಗ್ರಹಿಸಿದವನು, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು.

ಕೊನೆಗೆ ಖಚಿತ ಇಸವಿಯ ವಿಷಯ. ಬಾರ್ತಲೊಮ್ಯೂದವರು ಇಸವಿಯನ್ನು ಪೂರ್ತಿ ಮುಚ್ಚಿಟ್ಟವರಲ್ಲ, ತಮ್ಮ ಗೋದಾಮಿನ ಲೆಕ್ಕಕ್ಕೆ ಬೇಕಲ್ಲ. ಚೌಕಟ್ಟಿನ ಹೊರಗೆ, ಕೆಳಗಿನ ಮೂಲೆಯಲ್ಲಿ ಇರುವೆಯಷ್ಟು ಸಣ್ಣಗೆ ಒಂದು ಇಂಗ್ಲಿಷ್ ಅಕ್ಷರ, ಅದರ ಪಕ್ಕ ಎರಡಂಕಿ ಇರುತ್ತದೆ. ‘ಎ’ ಎಂದರೆ ವರ್ಷದ ಮೊದಲ ಆರು ತಿಂಗಳು, ‘ಬಿ’ ಎಂದರೆ ಕೊನೆಯ ಆರು. ‘ಎ 38’ ಎಂದಿದ್ದರೆ 1938ರ ಮೊದಲರ್ಧದಲ್ಲಿ ಅಚ್ಚಾಗಿದೆ. ನಿಮ್ಮ ಫೋಟೋದಲ್ಲಿ ಎಡ ಮೂಲೆ ಸ್ಪಷ್ಟವಾಗಿದೆ, ಅಲ್ಲಿ ಏನೂ ಇಲ್ಲ. ಬಲ ಮೂಲೆಯನ್ನು ನಿಮ್ಮ ಹೆಬ್ಬೆರಳು ಒತ್ತಿ ಹಿಡಿದಿದೆ. ದಯವಿಟ್ಟು ಅಲ್ಲಿ ಒಂದು ಪೇಪರ್‌ವೇಟ್ ಇಟ್ಟು, ಅಂಚಿಗೆ ತಾಗದ ಹಾಗೆ, ಇನ್ನೊಂದು ಫೋಟೋ ತೆಗೆದು ಕಳಿಸಿ.