ಇಂಟಸಸೆಪ್ಷನ್: ಕರುಳಿನೊಳಗೆ ಕರುಳು ನುಗ್ಗಿದಾಗ

ಬಾಯಿಗೆ ಸಲೀಸಾಗಿ ಬರುವ ಹೆಸರಲ್ಲ ಇದು. ಲ್ಯಾಟಿನ್‌ನಲ್ಲಿ ‘ಇಂಟಸ್’ ಅಂದರೆ ಒಳಗೆ. ಕರುಳಿನ ಒಂದು ಭಾಗ ತನ್ನ ಮುಂದಿನ ಭಾಗದೊಳಗೆ ನುಗ್ಗಿ ಸಿಕ್ಕಿಕೊಳ್ಳುವುದೇ ಇಂಟಸಸೆಪ್ಷನ್. ತುಂಬುತೋಳಿನ ಅಂಗಿ ಬಿಚ್ಚುವಾಗ ತೋಳು ಅರ್ಧ ಒಳಸೇರಿಬಿಡುತ್ತದೆ ಅಲ್ವಾ, ಹಾಗೆ.

ಇದು ಜಾಸ್ತಿ ಕಾಣುವುದು ಎಳೆ ಮಕ್ಕಳಲ್ಲಿ. ಅವರಲ್ಲಿ ಹೆಚ್ಚಿನ ಸಲ ಇಂಥದ್ದೇ ಕಾರಣ ಎಂದು ಸಿಗುವುದಿಲ್ಲ. ದೊಡ್ಡವರ ಪಾಲು ಸುಮಾರು ಶೇ. 5 ಮಾತ್ರ. ಆದರೆ ದೊಡ್ಡವರಲ್ಲಿ ಕಂಡರೆ, ಕರುಳಲ್ಲಿ ಗಂಟು ಇರಬಹುದೇ ಎಂದು ವೈದ್ಯರು ಹುಡುಕುತ್ತಾರೆ. ಬಲು ಅಪರೂಪಕ್ಕೆ ಆ ಗಂಟು ಶ್ವಾಸಕೋಶದಿಂದ ಹರಡಿದ ಕ್ಯಾನ್ಸರ್ ಆಗಿರುತ್ತದೆ.

ಶ್ವಾಸಕೋಶ ಎಲ್ಲಿ, ಕರುಳು ಎಲ್ಲಿ? ನಡುವೆ ರಕ್ತದ ದಾರಿಯಿದೆ. ಗಡ್ಡೆಯಿಂದ ಬಿಡಿಸಿಕೊಂಡ ಕ್ಯಾನ್ಸರ್ ಕಣಗಳು ಹೃದಯದ ಎಡಭಾಗಕ್ಕೆ ಬಂದು, ಅಲ್ಲಿಂದ ಮೈಯೆಲ್ಲ ಸುತ್ತುತ್ತವೆ. ಸಾಮಾನ್ಯವಾಗಿ ಮಿದುಳು, ಮೂಳೆ, ಯಕೃತ್ತು, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಲ್ಲಿ ನೆಲೆ ನಿಲ್ಲುತ್ತವೆ. ಕೆಲವು ಸಣ್ಣ ಕರುಳಿನ ಗೋಡೆಯಲ್ಲಿ ಬೇರೂರುತ್ತವೆ. ಕರುಳು ಸುಮ್ನೆ ಇರುವ ಅಂಗವಲ್ಲ. ಅಲೆಯಲೆಯಾಗಿ ಹಿಂಡಿ ಆಹಾರವನ್ನು ಮುಂದೆ ತಳ್ಳುತ್ತಲೇ ಇರುತ್ತದೆ. ಒಳಕ್ಕೆ ಚಾಚಿಕೊಂಡ ಗಂಟನ್ನೂ ತುತ್ತಿನ ಹಾಗೆಯೇ ಎಳೆಯುತ್ತದೆ. ಗಂಟು ಗೋಡೆಗೆ ಅಂಟಿಕೊಂಡಿರುವುದರಿಂದ ಗೋಡೆಯೂ ಜೊತೆಗೆ ಹೋಗುತ್ತದೆ. ರಕ್ತನಾಳಗಳೂ ಸಿಕ್ಕಿಕೊಳ್ಳುತ್ತವೆ. ಮೊದಲು ಊತ, ಆಮೇಲೆ ರಕ್ತದ ಹರಿವೇ ನಿಂತು ಆ ಭಾಗ ಕೊಳೆಯಬಹುದು, ತೂತು ಬೀಳಬಹುದು.

ಹೊಟ್ಟೆ ನುಲಿದಂತೆ ಬಂದು ಹೋಗುವ ನೋವು, ವಾಂತಿ, ಉಬ್ಬರ ಇದರ ಲಕ್ಷಣಗಳು. ಗಂಟಿನಿಂದ ರಕ್ತ ಜಿನುಗಿದರೆ ಮಲ ಕಪ್ಪಾಗುತ್ತದೆ. ತೊಡಕಿರುವುದೇ ಇಲ್ಲಿ: ಕೀಮೋ (ಕ್ಯಾನ್ಸರ್‌ಗೆ ಕೊಡುವ ಔಷಧಿ ಚಿಕಿತ್ಸೆ) ನಡೆಯುತ್ತಿರುವವರಿಗೆ ವಾಂತಿ, ಹೊಟ್ಟೆನೋವು ಹೊಸದಲ್ಲ. ಎಲ್ಲವನ್ನೂ ಔಷಧಿಯ ತಲೆಗೆ ಕಟ್ಟುವುದು ಸುಲಭ. ನೋವು ಜೋರಾಗಿ ಮರುಕಳಿಸುತ್ತಿದ್ದರೆ, ಮಲ ಮತ್ತು ಗಾಳಿ ಎರಡೂ ಹೋಗದೆ ನಿಂತರೆ, ಕಾಯದೆ ಆಸ್ಪತ್ರೆಗೆ ಹೋಗಬೇಕು. ಸಿ.ಟಿ. ಸ್ಕ್ಯಾನ್‌ನಲ್ಲಿ ಒಂದರೊಳಗೊಂದು ಉಂಗುರ ಕಾಣುತ್ತದೆ, ಬಾಣ ಬಿಡುವ ಗುರಿಹಲಗೆಯ ಹಾಗೆ.

ಮಕ್ಕಳಲ್ಲಿ ಗುದದ್ವಾರದಿಂದ ಗಾಳಿ ಅಥವಾ ದ್ರವ ಹಾಯಿಸಿ ಕರುಳನ್ನು ಬಿಡಿಸುವುದುಂಟು. ದೊಡ್ಡವರಲ್ಲಿ ಸಾಮಾನ್ಯವಾಗಿ ಗಂಟಿರುವ ಭಾಗವನ್ನು ಕತ್ತರಿಸಿ ತೆಗೆದು ತುದಿಗಳನ್ನು ಜೋಡಿಸುತ್ತಾರೆ. ಹರಡಿದ ಕ್ಯಾನ್ಸರ್ ಇದರಿಂದ ವಾಸಿಯಾಗುವುದಿಲ್ಲ, ಆದರೆ ಕರುಳಿನ ದಾರಿ ತೆರೆಯುತ್ತದೆ. ರೋಗಿಯ ಶಕ್ತಿ ನೋಡಿಕೊಂಡೇ ಈ ತೀರ್ಮಾನ. ತೆಗೆದ ತುಂಡು ಪರೀಕ್ಷೆಗೆ ಹೋಗುತ್ತದೆ. ಶ್ವಾಸಕೋಶದಲ್ಲಿ ಕ್ಯಾನ್ಸರ್ ಇದೆ ಎಂದು ಕೆಲವರಿಗೆ ಮೊದಲ ಸಲ ತಿಳಿಯುವುದೇ ಆ ವರದಿಯಿಂದ.